ಗೂಳಿಗುಡ್ಡದ ಮನೆ ಕಟ್ಟಿದ್ದು ವಿಶ್ರಾಂತಿಗಲ್ಲ

ಹೋದ ತಿಂಗಳು ಮಳವಳ್ಳಿಯಲ್ಲಿ, ಲೈನ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ತರಬೇತಿ ಇತ್ತು. ನಿವೃತ್ತಿಯಾದವರೂ ಬಂದು ನಾಲ್ಕು ಮಾತಾಡಲಿ ಅಂತ ನನ್ನನ್ನು ಕರೆದಿದ್ದರು. ಇಸ್ತ್ರಿ ಪಂಚೆ ಉಟ್ಟು ಹೊತ್ತಿಗೆ ಮುಂಚೆಯೇ ಹೋಗಿ ಮುಂದಿನ ಸಾಲಲ್ಲಿ ಕೂತೆ. ಪಾಠ ಮಾಡಲು ಬಂದಿದ್ದ ಸಾಹೇಬರು ಗೋಡೆ ಮೇಲೆ ಒಂದು ಬೆಟ್ಟದ ಚಿತ್ರ ಬಿಟ್ಟರು. ಡ್ರೋನಿನಲ್ಲಿ ತೆಗೆದದ್ದಂತೆ. ಹಸಿರು ಹುಲ್ಲು, ಸಾಲಾಗಿ ನಿಂತ ಟವರುಗಳು, ತುದಿಯಲ್ಲಿ ತಗಡಿನ ಸೂರಿನ ಒಂದು ಕಲ್ಲುಮನೆ.

"ಇದು ಹಿಂದಿನ ಕಾಲದ ಗಸ್ತಿನವರು ವಿಶ್ರಾಂತಿ ತಗೋತಿದ್ದ ಮನೆ. ಈಗ ಇದರ ಅಗತ್ಯ ಇಲ್ಲ," ಅಂದರು.

ಹಿಂದಿನಿಂದ ಒಬ್ಬ, "ಒಳ್ಳೆ ರೆಸಾರ್ಟ್ ಇದ್ದಂಗೈತೆ ಕಣ್ಲಾ," ಅಂದ. ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು.

ನನಗೆ ಮೈ ಉರಿಯಿತು. ನನ್ನ ಸರದಿ ಬಂದಾಗ ಮೈಕು ಹಿಡಿದು, "ಸ್ವಾಮಿ, ಆ ಮನೆಯಲ್ಲಿ ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ನಾನು ಕಾಲು ನೀಡಿಲ್ಲ," ಅಂತ ಶುರು ಮಾಡಿದೆ. ಅಷ್ಟರಲ್ಲಿ ಊಟ ಬಂತು ಅಂದರು. ಹುಡುಗರು ಎದ್ದರು. ಮೈಕು ನನ್ನ ಕೈಯಲ್ಲೇ ಉಳಿಯಿತು.

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಶಾಲು ಯಾರು ಹೊದಿಸಿದರು ಅನ್ನುವುದು ನಿಮಗೆ ಬೇಡ. ಆ ಮನೆ ಯಾತಕ್ಕಿತ್ತು, ನನ್ನ ಒಂದು ಸಹಿಯಿಂದ ಏನೂ ತಪ್ಪು ಮಾಡದ ಮನುಷ್ಯ ಹೇಗೆ ಜೈಲಿಗೆ ಹೋದ, ಅದು ಗೊತ್ತಿರಲಿ. ಲೈನಿನ ಕೆಲಸ ಕಲಿಸೋಕೆ ಆಫೀಸಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಇದನ್ನು ಕಲಿಸೋರು ಇಲ್ಲ.

ನಮ್ಮೂರು ಬಸರಾಳು. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಗುಂಡಿ ತೋಡುವ ಕೂಲಿಯಾಗಿ ಲೈನ್ ಗ್ಯಾಂಗಿಗೆ ಸೇರಿದೆ. ನಾನು ತೋಡಿದ ಗುಂಡಿಗೆ ಯಾರೂ ಎರಡನೇ ಸಲ ಹಾರೆ ಹಾಕಲಿಲ್ಲ, ಅಷ್ಟು ಮಟ್ಟಸ. ಅದನ್ನು ನೋಡಿಯೇ ಜವರಪ್ಪ ಮೇಸ್ತ್ರಿ ನನ್ನನ್ನು ಬೆಟ್ಟದ ಗಸ್ತಿಗೆ ಎಳಕೊಂಡ. ಕರೆಂಟು ತಯಾರಾಗುವ ಬ್ಲಫ್‌ನಲ್ಲೇ ಹುಟ್ಟಿ ಬೆಳೆದ ಮನುಷ್ಯ. ಕರೆಂಟನ್ನು ಅವನು 'ಅವಳು' ಅಂತಲೇ ಕರೆಯುತ್ತಿದ್ದ. "ಅವಳು ಇವತ್ತು ಸಿಡಿಸಿಡಿ ಅಂತಾವ್ಳೆ," ಅಂದರೆ ಎಲ್ಲೋ ಪಿಂಗಾಣಿ ಬಿಲ್ಲೆ ಸೀಳಿದೆ ಅಂತ ಅರ್ಥ. ಟವರಿನ ಕೈಗೂ ತಂತಿಗೂ ನಡುವೆ ಸರದ ಹಾಗೆ ತೂಗುತ್ತಾವಲ್ಲ, ಆ ಬಿಲ್ಲೆಗಳು.

ಗಸ್ತು ಅಂದರೆ ಇಷ್ಟೆ. ಹಲಗೂರು ಕಡೆಯ ಟಾರು ರಸ್ತೆಯಲ್ಲಿ ಬೆಳಗಿನ ಮೊದಲ ಬಸ್ಸು ಇಳಿಯಬೇಕು. ಅಲ್ಲಿಂದ ಈಚಲು ಪೊದೆ, ಜಾಲಿ ಮುಳ್ಳು, ಒಂದು ಒಣ ಹಳ್ಳ. ಹಳ್ಳ ದಾಟಿದರೆ ಏರು. ಏರು ಮುಗಿಯುವ ಹೊತ್ತಿಗೆ ಮರಗಳೆಲ್ಲ ಹಿಂದೆ ಉಳಿದು ಬರೀ ಹುಲ್ಲು. ಗೂಳಿಗುಡ್ಡ ಅಂತ ನಾವು ಕರೆಯುವುದು ಒಂದು ಗುಡ್ಡವಲ್ಲ, ಒಂದರ ಬೆನ್ನಿಗೊಂದು ಅಂಟಿಕೊಂಡ ನಾಲ್ಕು ಬೋರೆ. ಮಳೆ ನಿಂತ ಮೇಲೆ ಅಲ್ಲಿ ಹುಲ್ಲು ಸೊಂಟದವರೆಗೆ ನಿಲ್ಲುತ್ತೆ, ಗಾಳಿ ಬಂದರೆ ಇಡೀ ಗುಡ್ಡ ಮೈ ಕೊಡವಿದ ಹಾಗೆ ಕಾಣುತ್ತೆ. ನೋಡೋಕೆ ಚೆಂದ. ನಡೆಯೋಕೆ ಹೋಗಿ, ಆಗ ಗೊತ್ತಾಗುತ್ತೆ. ಹುಲ್ಲಿನ ಬುಡದಲ್ಲಿ ಉರುಳುಗಲ್ಲು, ಹೆಜ್ಜೆ ಇಟ್ಟ ಮೇಲೇ ಕಾಣುವುದು. ಹದಿನಾಲ್ಕು ಟವರು. ಒಂದೊಂದರ ಕೆಳಗೂ ನಿಂತು ಕತ್ತೆತ್ತಿ ಬಿಲ್ಲೆ ಎಣಿಸಬೇಕು, ಕಿವಿ ಕೊಡಬೇಕು. ಸರಿಯಾಗಿರುವ ಬಿಲ್ಲೆ ಜೇನಿನ ಹಾಗೆ ಗುಂಯ್ ಅನ್ನುತ್ತೆ. ಸೀಳಿದ ಬಿಲ್ಲೆ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಚಟ ಅನ್ನುತ್ತೆ. ಇದಕ್ಕೆ ಪುಸ್ತಕ ಬೇಕಾಗಿಲ್ಲ, ಕಿವಿ ಬೇಕು.

ಹದಿನಾಲ್ಕನೇ ಟವರಿನಿಂದ ಕೂಗಳತೆಯಲ್ಲಿ ಆ ಮನೆ. ಒಂದೇ ಕೋಣೆ. ಬಿಡಿ ಬಿಲ್ಲೆಗಳ ಪೆಟ್ಟಿಗೆ, ಹಗ್ಗ, ರಾಟೆ, ನೀರಿನ ಪೀಪಾಯಿ. ಗೋಡೆಗೆ ಒಂದು ಮೊಳೆ, ಮೊಳೆಗೆ ಸರಪಳಿ, ಸರಪಳಿಗೆ ಒಂದು ದಪ್ಪ ಪುಸ್ತಕ. ಆ ಪುಸ್ತಕಕ್ಕಾಗಿಯೇ ಆ ಮನೆ. ಜವರಪ್ಪ ಮೇಸ್ತ್ರಿಗೂ ಹಿಂದಿನ ಯಾವುದೋ ಘಾಟಿ ಅಧಿಕಾರಿ ಮಾಡಿದ ಏರ್ಪಾಡು. ಗಸ್ತಿನವನು ಏನು ಕಂಡ, ಏನು ಕೇಳಿದ ಅನ್ನುವುದನ್ನು ಆ ಪುಸ್ತಕದಲ್ಲಿ ಬರೆಯಬೇಕು. ಪುಸ್ತಕ ಕೆಳಕ್ಕೆ ಬರುವುದಿಲ್ಲ. ಬರೆಯಬೇಕಾದರೆ ಹತ್ತಲೇಬೇಕು. ಟೀ ಅಂಗಡಿಯಲ್ಲಿ ಕೂತು 'ಎಲ್ಲ ಸರಿ ಇದೆ' ಅಂತ ಗೀಚೋಕಾಗಲ್ಲ. ನಿಮ್ಮ ಫೋನು ಈಗ ನಿಂತ ಜಾಗ ಹೇಳುತ್ತಂತಲ್ಲ, ನಮ್ಮ ಸರಪಳಿ ಅದನ್ನೇ ಹೇಳುತ್ತಿತ್ತು.

ನಾನೂ ಒಂದು ಸಲ ಆ ಸರಪಳಿಗೆ ಮೋಸ ಮಾಡೋಕೆ ಹೋಗಿ ಸಿಕ್ಕಿಬಿದ್ದೆ. ಜ್ವರ ಬಂದಿತ್ತು. ಗುಡ್ಡದಲ್ಲಿ ದನ ಮೇಯಿಸುವ ಮಾದಯ್ಯ ಅಂತ ಇದ್ದ, ಕೆಳಗಿನ ದೊಡ್ಡಿಯವನು. ಅವನನ್ನು ರಸ್ತೆಯಲ್ಲೇ ಹಿಡಿದು, "ನನ್ನ ಬದಲು ಒಂದು ಗೀಟು ಹಾಕಿ ಬಾ," ಅಂದೆ. ಮಾದಯ್ಯನಿಗೆ ಅಕ್ಷರ ಬರುವುದಿಲ್ಲ. ಅವನು ಹದಿನಾಲ್ಕು ಟವರನ್ನೂ ಚಿತ್ರ ಬರೆದ. ಆರನೇ ಟವರಿನ ಮೇಲೆ ಒಂದು ಹದ್ದು, ಹದ್ದಿನ ಗೂಡು, ಗೂಡಿನಿಂದ ಜೋತುಬಿದ್ದ ತಂತಿ ಚೂರು. ಮುಂದಿನ ವಾರ ಮೇಸ್ತ್ರಿ ಹತ್ತಿ ಅದನ್ನು ನೋಡಿದ. ನನ್ನನ್ನು ಕರೆದು, "ಲೇ ಸಿದ್ದ, ನೀನು ಆರು ತಿಂಗಳಿಂದ ಬರೆದದ್ದಕ್ಕಿಂತ ಈ ದನ ಕಾಯೋನು ಬರೆದದ್ದು ಚೆನ್ನಾಗೈತೆ. ನಿನ್ನ ಸಂಬಳ ಅವನಿಗೆ ಕೊಡ್ಸ್‌ಲಾ?" ಅಂದ. ನಿಜಕ್ಕೂ ಆರನೇ ಟವರಿನಲ್ಲಿ ಗೂಡಿತ್ತು. ತಂತಿ ಚೂರೂ ಇತ್ತು. ನಾನು ನೋಡಿರಲಿಲ್ಲ.

ಅವತ್ತಿನಿಂದ ಮಾದಯ್ಯ ನನ್ನ ಎರಡನೇ ಕಣ್ಣಾದ.

ಇನ್ನು ಹುಲ್ಲಿನ ವಿಚಾರ. ಬೇಸಗೆಯಲ್ಲಿ ಆ ಹುಲ್ಲು ಒಣಗಿ ಬೆಂಕಿಪೊಟ್ಟಣ ಆಗುತ್ತೆ. ತಂತಿಯ ಕೆಳಗೆ ಬೆಂಕಿ ಬಿದ್ದರೆ ಹೊಗೆಯಲ್ಲೇ ಕರೆಂಟು ನೆಲಕ್ಕೆ ಹಾರಿ ಇಡೀ ಲೈನು ನಿಲ್ಲುತ್ತೆ. ದನದವರಿಗೋ ಹಳೇ ಹುಲ್ಲು ಸುಟ್ಟರೆ ಮೊದಲ ಮಳೆಗೆ ಎಳೆ ಚಿಗುರು ಬೇಕು. ನಮಗೂ ಅವರಿಗೂ ಯಾವತ್ತೂ ಜಗಳವೇ ಆಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಒಂದು ಒಪ್ಪಂದ ಇತ್ತು, ಯಾವ ಕಾಗದದ ಮೇಲೂ ಇಲ್ಲದ್ದು. ವರ್ಷಕ್ಕೊಂದು ದಿನ ರಿಪೇರಿಗೆ ಅಂತ ಲೈನು ಆಫ್ ಮಾಡುತ್ತಾರೆ. ಆ ದಿನ ನಾನು ಒಂದು ಅಂಚು, ಮಾದಯ್ಯ ಇನ್ನೊಂದು ಅಂಚು ಹಿಡಿದು, ತಂತಿಯ ಕೆಳಗಿನ ಪಟ್ಟಿಯನ್ನಷ್ಟೇ ಸುಡುತ್ತಿದ್ದೆವು. ಗಾಳಿಗೆ ಎದುರಾಗಿ, ಮೇಲಿನಿಂದ ಕೆಳಕ್ಕೆ, ಬೆಂಕಿ ಬಡಿಯೋಕೆ ಹಸಿ ಸೊಪ್ಪಿನ ಬರಲು ಕೈಯಲ್ಲಿಟ್ಟುಕೊಂಡು. ಅವನ ಹೆಂಡತಿ ಕೆಂಪಮ್ಮ ನಡುವೆ ನಿಂತು ಇಬ್ಬರಿಗೂ ಬೈಯುತ್ತಿದ್ದಳು. "ಅಂಗ್ ಬಡೀಬ್ಯಾಡಿ, ಕಿಡಿ ಎಗರ್ತದೆ. ಒತ್ತಿ, ಒತ್ತಿ. ಬೆಂಕಿ ಏನ್ ನಿಮ್ಮತ್ತೆ ಮಗ್ಳಾ?"

ಇಪ್ಪತ್ತು ವರ್ಷ ಹೀಗೇ ನಡೆಯಿತು. ಗೂಳಿಗುಡ್ಡದಲ್ಲಿ ಒಂದು ದಿನವೂ ಬೆಂಕಿಯಿಂದ ಲೈನು ನಿಂತಿರಲಿಲ್ಲ.

ಆಮೇಲೆ ಹೊಸ ಸಾಹೇಬರು ಬಂದರು. ಹೆಸರು ಬೇಡ. ದೊಡ್ಡ ಓದು ಓದಿದವರು, ಷೂಗೆ ಧೂಳು ಹತ್ತಿದರೆ ಕರ್ಚೀಪು ತೆಗೆಯುವವರು. ಸುಡುವ ವಿಷಯ ಕಿವಿಗೆ ಬಿದ್ದ ಕೂಡಲೇ ನನ್ನನ್ನು ಕರೆದು ನಿಲ್ಲಿಸಿ ಕೇಳಿದರು.

"ಯಾವ ರೂಲಿನಲ್ಲಿದೆ ಇದು?"

"ರೂಲಿನಲ್ಲಿಲ್ಲ ಸಾರ್. ಗುಡ್ಡದಲ್ಲಿದೆ. ಒಂದು ಸಲ ಬನ್ನಿ, ತೋರಿಸ್ತೀನಿ."

"ಗುಡ್ಡ ಹತ್ತೋಕೆ ನಿನಗೆ ಸಂಬಳ. ನನಗಲ್ಲ."

ಸುಡುವುದು ನಿಂತಿತು. ಹಾಗಾದರೆ ಕೊಯ್ಯೋಕೆ ಆಳು ಕೊಡಿ ಅಂದೆ. ಬರೆದು ಕಳಿಸಿದ್ದೇನೆ, ಬರುತ್ತೆ ಅಂದರು. ಎರಡು ಬೇಸಗೆ ಕಳೆಯಿತು, ಆಳು ಬರಲಿಲ್ಲ. ಹುಲ್ಲು ಎದೆಯವರೆಗೆ ಬಂತು. ಸಾಲದ್ದಕ್ಕೆ ಹನ್ನೊಂದನೇ ಟವರಿನ ಎಡಗೈ ಬಿಲ್ಲೆ ಸಾಸಿವೆ ಸಿಡಿಸಲು ಶುರು ಮಾಡಿತು. ಪುಸ್ತಕದಲ್ಲಿ ಬರೆದೆ. ಕೆಳಗೆ ಬಂದು ಬಾಯಲ್ಲೂ ಹೇಳಿದೆ. ಮತ್ತೆ ಬರೆದೆ, ಮತ್ತೆ ಹೇಳಿದೆ. ಮೂರನೇ ಸಲ ಹೇಳಿದಾಗ ಸಾಹೇಬರು ಕಂಪ್ಯೂಟರಿನಿಂದ ತಲೆ ಎತ್ತದೆ, "ನಿನ್ನ ಕಿವಿ ಒಂದ್ಸಲ ಡಾಕ್ಟ್ರಿಗೆ ತೋರಿಸು," ಅಂದರು. ಆಫೀಸಿನಿಂದ ಪ್ರತಿ ತಿಂಗಳು ಮೇಲಕ್ಕೆ ಹೋಗುತ್ತಿದ್ದ ಟೈಪು ಮಾಡಿದ ವರದಿಯಲ್ಲಿ ಗೂಳಿಗುಡ್ಡದ ಮುಂದೆ ಏನಿತ್ತು ಗೊತ್ತಾ? 'ತೃಪ್ತಿಕರ.' ನನಗೆ ಆಮೇಲೆ ತಿಳಿದದ್ದು. ಯಾರಿಗೆ ತೃಪ್ತಿ?

ಆ ವರ್ಷ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ, ಮಟಮಟ ಮಧ್ಯಾಹ್ನ, ಗೂಳಿಗುಡ್ಡಕ್ಕೆ ಬೆಂಕಿ ಬಿತ್ತು. ನನಗೆ ಅವತ್ತು ಬೇರೆ ಕಡೆ ಕೆಲಸ. ಹೊಗೆ ಕಂಡು ಓಡಿದೆ, ಗುಡ್ಡದ ಬುಡಕ್ಕೆ ಬರುವ ಹೊತ್ತಿಗೆ ಮೂರು ಬೋರೆ ಕಪ್ಪಾಗಿತ್ತು. ಲೈನು ಎರಡು ದಿನ ನಿಂತಿತು. ಮೇಲಿನಿಂದ ಫೋನಿನ ಮೇಲೆ ಫೋನು. ಯಾರಾದರೂ ಒಬ್ಬ ಸಿಕ್ಕಿಹಾಕಿಕೊಳ್ಳಲೇಬೇಕಿತ್ತು.

ಮೂರನೇ ದಿನ ಸಾಹೇಬರು ನನ್ನನ್ನು ರೂಮಿಗೆ ಕರೆದರು. ಟೈಪಿಸ್ಟು ಇದ್ದರು, ಇಬ್ಬರು ಕಂಟ್ರಾಕ್ಟರುಗಳು ಕುರ್ಚಿಯಲ್ಲಿ ಕೂತಿದ್ದರು. ಎರಡು ಹಾಳೆ ಮುಂದಿಟ್ಟರು. ಪೂರಾ ಇಂಗ್ಲಿಷು.

"ಸಿದ್ದಯ್ಯ, ಬೆಂಕಿ ಬಿದ್ದ ಬಗ್ಗೆ ಗಸ್ತಿನವನ ಹೇಳಿಕೆ ಬೇಕು. ಓದ್ಕೊಂಡು ಸೈನ್ ಮಾಡು." ಆಮೇಲೆ ಕಂಟ್ರಾಕ್ಟರುಗಳ ಕಡೆ ನೋಡಿ, "ಓದೋಕೆ ಬರುತ್ತೆ ತಾನೆ?" ಅಂದರು.

ಅವರು ಕಿಸಕ್ಕೆಂದರು. ಅಲ್ಲೇ ನಾನು ಕೆಟ್ಟದ್ದು. 'ಇಂಗ್ಲಿಷ್ ಬರಲ್ಲ ಸಾರ್, ಏನು ಬರೆದಿದ್ದೀರಿ ಹೇಳಿ,' ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಇಪ್ಪತ್ತು ವರ್ಷ ಗುಡ್ಡ ಹತ್ತಿದ ನಾನು, ಬಿಲ್ಲೆಯ ಸದ್ದು ಕೇಳಿ ರೋಗ ಹೇಳುವ ನಾನು, ಈ ಇಬ್ಬರು ಸಿಮೆಂಟು ಕದಿಯುವವರ ಮುಂದೆ ಹಾಗನ್ನಲಾ? "ಬರದೆ ಏನ್ ಸಾರ್," ಅಂದೆ. ಕನ್ನಡಕ ತೆಗೆದು ಹಾಕಿಕೊಂಡೆ. ಇಂಗ್ಲಿಷ್ ಬಲ್ಲವರು ಎಷ್ಟು ಹೊತ್ತು ಓದುತ್ತಾರೋ ಅಷ್ಟು ಹೊತ್ತು ಕಣ್ಣಾಡಿಸಿದೆ. ಒಂದು ಕಡೆ ನಿಂತು ಹುಬ್ಬು ಗಂಟಿಕ್ಕಿದೆ. ಪುಟ ತಿರುಗಿಸಿದೆ. ಆಮೇಲೆ ಸಹಿ ಹಾಕಿದೆ. ಸಹಿ ಚೆನ್ನಾಗಿ ಹಾಕುತ್ತೇನೆ ನಾನು, ಕೆಳಗೆ ಎರಡು ಗೆರೆ ಎಳೆದು.

ಮಾರನೇ ದಿನ ಪೊಲೀಸರು ಮಾದಯ್ಯನನ್ನು ಹಿಡಿದುಕೊಂಡು ಹೋದರು.

ನನಗೆ ಸುದ್ದಿ ತಂದವಳು ಕೆಂಪಮ್ಮ. ಬೆಳಗ್ಗೆ ನಾನು ಹಲ್ಲುಜ್ಜುತ್ತಿದ್ದೆ. ಮಳವಳ್ಳಿಯ ನಮ್ಮ ಮನೆ ಬಾಗಿಲಿಗೆ ಬಂದು ನಿಂತಳು. ಒಳಗೆ ಬಾ ಅಂದರೆ ಬರಲಿಲ್ಲ.

"ಸಿದ್ದಣ್ಣ, ನೀ ಕಂಡ್ಯಾ?"

"ಏನ ಕಂಡೆ?"

"ನಮ್ಮೊರು ಬೆಂಕಿ ಇಕ್ಕಿದ್ನ ನೀ ಕಣ್ಣಾರೆ ಕಂಡೆ ಅಂತ ಬರ್ಕೊಟ್ಟಿದ್ದೀಯಂತೆ. ಸ್ಟೇಸನ್ನಾಗೆ ಓದಿ ಯೋಳಿದ್ರು. ಬೇಕಾದ್ರೆ ನಿನ್ನ ಸೈನು ತೋರುಸ್ತೀವಿ ಅಂದ್ರು."

"ಇಲ್ಲ ಕಣಮ್ಮ, ನಾನು ಹಂಗೆ..." ಅಂದವನು ಅಲ್ಲೇ ನಿಂತೆ. ಬಾಯಲ್ಲಿ ಬ್ರಷ್ಷು. ಎರಡು ಹಾಳೆ ಕಣ್ಣ ಮುಂದೆ ಬಂದವು.

"ಅವ್ರ ಕೈ ನೋಡಿದ್ದೀಯಾ? ಮೊಣಕೈ ತಂಕ ಬೆಂದೈತೆ. ಬೆಂಕಿ ಇಕ್ಕಿದ್ದಕ್ಕೇ ಕೈ ಸುಟ್ಟಿರೋದು ಅಂತ ಅದ್ನೂ ಬರ್ಕೊಂಡವ್ರೆ. ನಿಮ್ಮ ಆ ಮನೆ ಸುತ್ತ ಉಲ್ಲು ಕಿತ್ತು, ಬೆಂಕಿ ಬಡುದು ಉಳ್ಸಕ್ಕೋಗಿ ಬೆಂದಿದ್ದು ಕಣಣ್ಣ. ಸಿದ್ದನ ಪುಸ್ತಕ ಐತೆ, ಸಿದ್ದನ ಸಾಮಾನು ಐತೆ ಅಂದ್ಕೊಂಡು ಓಡುದ್ರು. ದನ ಬುಟ್ಟು ಓಡುದ್ರು."

ಇಷ್ಟು ಹೇಳಿ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ವರ್ಷಾ ವರ್ಷಾ ಬೈದವಳು ಅವತ್ತು ಬೈಯಲಿಲ್ಲ.

ಬಾಯಿ ತೊಳೆದು ಸೀದಾ ಆಫೀಸಿಗೆ ಹೋದೆ. ನನ್ನ ಹೇಳಿಕೆ ವಾಪಸು ಕೊಡಿ ಅಂದೆ. ಸಾಹೇಬರು ಕುರ್ಚಿ ಹಿಂದಕ್ಕೆ ಒರಗಿಸಿ ನೋಡಿದರು.

"ಓದಿ ಸೈನ್ ಮಾಡಿದ್ದೀಯಲ್ಲ. ನನ್ನ ಮುಂದೆ, ಮೂರು ಜನದ ಮುಂದೆ ಓದಿದೆ."

"ನಂಗೆ ಇಂಗ್ಲಿಷ್ ಓದೋಕೆ ಬರಲ್ಲ ಅಂತ ನಿಮಗೆ ಗೊತ್ತಿತ್ತು."

"ನೀನೇ ಬರುತ್ತೆ ಅಂದ್ಯಲ್ಲಪ್ಪ." ಆಮೇಲೆ ಮೆಲ್ಲಗೆ, "ಸುಮ್ಮನಿರು. ಸುಳ್ಳು ಹೇಳಿಕೆ ಕೊಟ್ಟೆ ಅಂದ್ರೆ ನಿನ್ನ ಕೆಲಸ ಹೋಗುತ್ತೆ. ಅವನು ದನ ಕಾಯೋನು, ಇವತ್ತಲ್ಲ ನಾಳೆ ಬಿಡ್ತಾರೆ," ಅಂದರು.

ಆ ಮಾತನ್ನು ನಾನು ಇವತ್ತಿಗೂ ನುಂಗಿಲ್ಲ. ದನ ಕಾಯೋನು ಅಂದರೆ ಜೈಲಿನಲ್ಲಿ ಕೂತರೆ ದಿನ ಹೋಗುವುದಿಲ್ಲವಾ? ಅವನ ದನ ತಾನೇ ಮೇಯುತ್ತಾ?

ವಿಚಾರಣೆಗೆ ಅಂತ ಮಂಡ್ಯದಿಂದ ಒಬ್ಬ ಹೆಣ್ಣುಮಗಳು ಅಧಿಕಾರಿ ಬಂದರು. ಮೂವತ್ತೈದು ವಯಸ್ಸಿರಬಹುದು. ನಾನು ಬಾಗಿಲಲ್ಲೇ ಕಾದಿದ್ದೆ. ಸಾಹೇಬರು ಫೈಲು, ಎಳನೀರು, ಮದ್ದೂರು ವಡೆ ಎಲ್ಲ ಜೋಡಿಸಿಟ್ಟಿದ್ದರು. ಮಧ್ಯಾಹ್ನದೊಳಗೆ ಮುಗಿಸಿ ಕಳಿಸುವ ಲೆಕ್ಕಾಚಾರ. ನನ್ನನ್ನು ಕರೆದಾಗ ಆಯಮ್ಮ ಇಂಗ್ಲಿಷ್ ಹೇಳಿಕೆ ಎತ್ತಿ, "ಇದು ನಿಮ್ಮ ಸಹಿ ತಾನೆ?" ಅಂದರು.

"ಸಹಿ ನಂದು. ಮಾತು ನಂದಲ್ಲ. ನನ್ನ ಮಾತು ಗುಡ್ಡದ ಮೇಲೆ ಒಂದು ಪುಸ್ತಕದಲ್ಲಿದೆ. ನನ್ನ ಕೈಬರಹ, ಕನ್ನಡ."

"ಯಾವ ಪುಸ್ತಕ?" ಅಂದರು. ಕೇಳಿದ್ದು ಅವರೊಬ್ಬರೇ ಅಲ್ಲ. ನಮ್ಮ ಸಾಹೇಬರೂ ಅದೇ ಹೊತ್ತಿಗೆ, "ಯಾವ ಪುಸ್ತಕ?" ಅಂದರು.

ನೋಡಿ, ಅಲ್ಲಿ ನನಗೆ ಗೊತ್ತಾಯಿತು. ಎರಡು ವರ್ಷ ಆ ಲೈನಿನ ಯಜಮಾನ ಆಗಿದ್ದ ಮನುಷ್ಯನಿಗೆ ಗುಡ್ಡದ ಮೇಲೆ ಪುಸ್ತಕ ಇರುವುದೇ ಗೊತ್ತಿಲ್ಲ. ಗೊತ್ತಿದ್ದರೆ ಅದು ಅಷ್ಟು ದಿನ ಅಲ್ಲಿ ಉಳಿಯುತ್ತಿತ್ತಾ? ಹತ್ತದೇ ಇದ್ದದ್ದೇ ನಮಗೆ ಒಳ್ಳೆಯದಾಯಿತು. ಆದರೆ ಬೆಂಕಿಯಾದ ಮೇಲೆ ಗಸ್ತು ನಿಲ್ಲಿಸಿದ್ದರು, ಆ ಮನೆಯೊಳಕ್ಕೆ ನಾನೂ ಹೋಗಿರಲಿಲ್ಲ. ಪುಸ್ತಕ ಉಳಿದಿದೆಯೋ ಬೂದಿಯಾಗಿದೆಯೋ ನನಗೂ ಗೊತ್ತಿರಲಿಲ್ಲ. ಅದು ಉಳಿದಿದ್ದರೆ ಮಾದಯ್ಯ ಉಳಿದ.

"ಎಷ್ಟು ದೂರ?" ಅಂದರು ಆಯಮ್ಮ.

"ಹೋಗಿ ಬರೋಕೆ ಒಂದು ದಿನ."

"ಮೇಡಂ, ಜೀಪು ಹೋಗಲ್ಲ. ಆನೆ ಓಡಾಡೋ ಜಾಗ. ಬಿಸಿಲು ಬೇರೆ," ಅಂದರು ಸಾಹೇಬರು.

"ಇವರು ವಾರಕ್ಕೊಂದು ಸಲ ಹೋಗ್ತಾರಲ್ಲ, ಇವರನ್ನ ಆನೆ ಗುರುತು ಹಿಡಿಯುತ್ತಾ?" ಅಂದು ನನ್ನ ಕಡೆ ತಿರುಗಿದರು. "ನಮ್ಮೂರು ವೈದ್ಯನಾಥಪುರ. ಶಿಂಷಾ ಹೊಳೆ ದಂಡೆಯಲ್ಲೇ ನಡೆದು ಸ್ಕೂಲಿಗೆ ಹೋದವಳು. ನಾಳೆ ಎಷ್ಟು ಹೊತ್ತಿಗೆ?"

"ಮೊದಲ ಬಸ್ಸು ಅಮ್ಮ."

ನಮ್ಮ ಸಾಹೇಬರೂ ಬರಲೇಬೇಕಾಯಿತು. ಹಳ್ಳ ದಾಟಿದ ಕೂಡಲೇ ಮೊದಲನೇ ಟವರಿನ ನೆರಳಲ್ಲಿ ಕೂತುಬಿಟ್ಟರು. ಎದೆ ಹಿಡಿದುಕೊಂಡಿತಂತೆ. ಎಳನೀರಿನ ಚೀಲ ಅವರ ಹತ್ತಿರವೇ ಬಿಟ್ಟು ನಾವಿಬ್ಬರೇ ಮುಂದೆ ಹೋದೆವು.

ಎರಡು ದಿನದ ಹಿಂದೆ ಒಂದು ಮಳೆ ಬಿದ್ದಿತ್ತು. ಸುಟ್ಟ ಬೋರೆಗಳ ಮೇಲೆ, ಕಪ್ಪಿನೊಳಗಿಂದ ಚಿಗುರು ಸೂಜಿಯ ಹಾಗೆ ಎದ್ದಿತ್ತು. ಒಂದು ದನವೂ ಇರಲಿಲ್ಲ. ಆ ಹೊತ್ತಿನಲ್ಲಿ ಆ ಚಿಗುರಿಗೆ ದನ ಇಲ್ಲದ್ದನ್ನು ನನ್ನ ಕಾಲದಲ್ಲಿ ನಾನು ನೋಡಿರಲಿಲ್ಲ. ಆಯಮ್ಮನ ಹಿಮ್ಮಡಿ ಕಿತ್ತುಹೋಗಿ ಷೂ ಬಿಚ್ಚಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದರು. ಬೂದಿಯಲ್ಲಿ ಅವರ ಹೆಜ್ಜೆ ಬೀಳುತ್ತಿತ್ತು.

"ಬೆಂಕಿ ಎಲ್ಲಿಂದ ಬಂತು ಅಂತ ಹೇಗೆ ಹೇಳ್ತೀರಿ?" ಅಂದರು.

"ಕಲ್ಲು ನೋಡಿ ಅಮ್ಮ. ಬೆಂಕಿ ಬಂದ ಕಡೆಯ ಮುಖ ಕಪ್ಪಾಗಿರುತ್ತೆ. ಬೆನ್ನು ಹಂಗೇ ಇರುತ್ತೆ."

ಅವರು ಒಂದು ಉರುಳುಗಲ್ಲು ಸುತ್ತಿ ನೋಡಿದರು. ಇನ್ನೊಂದು ನೋಡಿದರು. ಎಂಟನೇ ಟವರಿನ ಹತ್ತಿರದ ಕಲ್ಲುಗಳ ಕಪ್ಪು ಮುಖ ಮೇಲಕ್ಕಿತ್ತು. ಹನ್ನೆರಡರ ಹತ್ತಿರದ ಕಲ್ಲುಗಳ ಕಪ್ಪು ಮುಖ ಕೆಳಕ್ಕಿತ್ತು. ಎರಡೂ ಕಡೆಯಿಂದ ಅವರೇ ನಡೆದು ನಡೆದು ಕಡೆಗೆ ಹನ್ನೊಂದನೇ ಟವರಿನ ಬುಡಕ್ಕೆ ಬಂದು ನಿಂತರು. ಅಲ್ಲಿ ಹಾಸುಬಂಡೆಯ ಮೇಲೆ ಅಲ್ಯೂಮಿನಿಯಂ ಹನಿಗಳು ಬಿದ್ದು ಗಟ್ಟಿಯಾಗಿ ಅಂಟಿದ್ದವು, ಮೇಣದ ಹನಿಗಳ ಹಾಗೆ. ಕತ್ತೆತ್ತಿದರು. ರಿಪೇರಿ ಮಾಡಿದ ಎಡಗೈ, ಹೊಸ ಬಿಲ್ಲೆ, ಹೊಸ ತಂತಿ ಬಿಸಿಲಿಗೆ ಹೊಳೆಯುತ್ತಿತ್ತು. ಮಿಕ್ಕ ಟವರುಗಳಲ್ಲೆಲ್ಲ ಹಳೆಯದೇ.

"ಬೆಂಕಿ ಆರಿದ ಮೇಲೆ ಬಂದು ಬದಲಾಯಿಸಿದರು," ಅಂದೆ. "ಮೂರು ಸಲ ಹೇಳಿದಾಗ ಬರದ ಬಿಲ್ಲೆ, ಗುಡ್ಡ ಸುಟ್ಟ ಎರಡನೇ ದಿನ ಬಂತು."

ಅವರು ಹನಿಯೊಂದನ್ನು ಎಬ್ಬಿಸಿ ಕರ್ಚೀಪಿನಲ್ಲಿ ಕಟ್ಟಿದರು.

ಮನೆ ದೂರದಿಂದಲೇ ಕಂಡಿತು. ಸುತ್ತ ಎಂಟು ಹತ್ತು ಮಾರು ಅಗಲಕ್ಕೆ ಹುಲ್ಲು ಕಿತ್ತು ಬೋಳಾಗಿತ್ತು. ಆ ಬೋಳಿನ ಅಂಚಿಗೆ ಬಂದು ಕಪ್ಪು ನಿಂತಿತ್ತು. ಅರ್ಧ ಸುಟ್ಟ ಸೊಪ್ಪಿನ ಬರಲುಗಳು ಬಿದ್ದಿದ್ದವು, ನಾಲ್ಕೋ ಐದೋ. ಒಂದು ಸುಟ್ಟುಹೋದರೆ ಇನ್ನೊಂದು ಮುರಿದುಕೊಂಡಿದ್ದಾನೆ. ಒಬ್ಬನೇ ಇದ್ದ ಅಲ್ಲಿ. ಆಯಮ್ಮ ಅದನ್ನೆಲ್ಲ ನೋಡುತ್ತಾ, "ಬೆಂಕಿ ಇಟ್ಟೋನು ಸರ್ಕಾರದ ಮನೆ ಉಳಿಸೋಕೆ ಯಾಕೆ ಕೈ ಸುಟ್ಕೊಳ್ತಾನೆ?" ಅಂದರು. ನನ್ನನ್ನು ಕೇಳಿದ್ದಲ್ಲ ಅದು.

ಬಾಗಿಲು ಒಂದು ಮೂಲೆ ಕರಕಾಗಿತ್ತು. ಒಳಗೆ ಮೊಳೆ ಇತ್ತು. ಸರಪಳಿ ಇತ್ತು. ಪುಸ್ತಕ ಇತ್ತು. ಸರಪಳಿ ಸಮೇತ ಹೊಸ್ತಿಲವರೆಗೆ ಎಳೆದು ಅವರ ಕೈಗೆ ಕೊಟ್ಟೆ.

ಹೊಸ್ತಿಲ ಮೇಲೆ ಕೂತು ಅವರು ಪುಟ ತಿರುವಿದರು. 'ಹನ್ನೊಂದು. ಎಡಗೈ. ಮೂರನೇ ಬಿಲ್ಲೆ ಸದ್ದು.' ಮತ್ತೆ, 'ಹನ್ನೊಂದು ಸದ್ದು ಜಾಸ್ತಿ. ಹುಲ್ಲು ಎದೆಮಟ್ಟ. ಅಪಾಯ.' ಮತ್ತೆ, 'ಹನ್ನೊಂದು. ಹೇಳಿ ಹೇಳಿ ಸಾಕಾಯಿತು.' ಫೋನಿನಲ್ಲಿ ಪುಟಗಳ ಫೋಟೋ ತೆಗೆದರು. ಆಮೇಲೆ ಕಾಗದ ತೆಗೆದು ಕನ್ನಡದಲ್ಲಿ ನನ್ನ ಹೇಳಿಕೆ ಬರೆದು ನನ್ನ ಕೈಗೆ ಕೊಟ್ಟರು. ನಾನು ಬೆರಳಿಟ್ಟು ಒಂದೊಂದೇ ಸಾಲು ಓದಿದೆ. 'ಬೆಂಕಿಯು ಬಹುಶಃ ಹನ್ನೊಂದನೇ ಟವರಿನಿಂದ ಉದುರಿದ ಕಿಡಿಯಿಂದ' ಅಂತ ಇತ್ತು.

"ಬಹುಶಃ ಯಾಕಮ್ಮ? ಹೊಡೆದುಹಾಕಿ. ಬಹುಶಃ ಏನೂ ಇಲ್ಲ. ಅಲ್ಲಿಂದಲೇ."

ಅವರು ನನ್ನ ಮುಖ ನೋಡಿದರು. "ಬೆಂಕಿ ಬಿದ್ದಾಗ ನೀವು ಇಲ್ಲಿದ್ರಾ?"

"ಇಲ್ಲ."

"ನೋಡದ್ದನ್ನ ನೋಡ್ದೆ ಅಂತ ನೀವು ಸಹಿ ಹಾಕಿದ್ದಕ್ಕೇ ಒಬ್ಬ ಒಳಗೆ ಕೂತಿದ್ದಾನೆ. ಇನ್ನೊಂದು ಅಂಥಾದ್ದೇ ಬರೀಲಾ? ಬಹುಶಃ ಇರಲಿ. ಪುಸ್ತಕ ಇದೆ, ಹನಿ ಇದೆ, ಕಲ್ಲಿದೆ. ಅಷ್ಟು ಸಾಕು."

ನನಗೆ ಸಿಟ್ಟು ಬಂತು. ಆದರೂ ಸರಿ ಅನ್ನಿಸಿತು. ಎರಡೂ ಒಟ್ಟಿಗೆ.

"ಇನ್ನೊಂದು ಇದೆ," ಅಂದರು. "ಮೊದಲಿನ ಹೇಳಿಕೆಗೆ ಯಾಕೆ ಸಹಿ ಹಾಕಿದ್ರಿ? ಅದನ್ನ ನೀವೇ ಬರೀರಿ, ನಿಮ್ಮ ಕೈಯಲ್ಲಿ. ಅದು ಇಲ್ದಿದ್ರೆ ಇದು ನಿಲ್ಲಲ್ಲ."

ಹದಿನಾಲ್ಕು ಟವರು ಹತ್ತಿದ್ದು ಏನೂ ಅಲ್ಲ. ಆ ಒಂದು ಸಾಲು ಬರೆಯೋಕೆ ನನಗೆ ಎಷ್ಟು ಹೊತ್ತು ಹಿಡಿಯಿತು ಅಂದರೆ, ಆಯಮ್ಮ ಎದ್ದು ಹೋಗಿ ಗುಡ್ಡದ ಆ ಕಡೆ ನೋಡುತ್ತಾ ನಿಂತರು. 'ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಬರುತ್ತದೆ ಎಂದು ಸುಳ್ಳು ಹೇಳಿ, ಓದಿದ ಹಾಗೆ ಮಾಡಿ ಸಹಿ ಹಾಕಿದೆ.' ಇಷ್ಟೇ. ಕೆಳಗೆ ಹೆಸರು ಬರೆದೆ. ಗೆರೆ ಎಳೆಯಲಿಲ್ಲ.

ಮಾದಯ್ಯ ಹೊರಗೆ ಬಂದ. ಕೇಸು ಬಿದ್ದುಹೋಯಿತು. ಅವನು ಒಳಗಿದ್ದ ದಿನಗಳಿಗೆ ಯಾರೂ 'ತಪ್ಪಾಯಿತು' ಅನ್ನಲಿಲ್ಲ, ಹಾಗೆ ಅನ್ನಬೇಕು ಅನ್ನುವುದು ಯಾರ ತಲೆಗೂ ಹೊಳೆಯಲಿಲ್ಲ. ಎರಡು ಥರ ಹೇಳಿಕೆ ಕೊಟ್ಟದ್ದಕ್ಕೆ ನನಗೆ ನೋಟಿಸು ಬಂತು. ಅದು ನ್ಯಾಯ, ನಾನು ಅದಕ್ಕೆ ತಕರಾರು ಮಾಡಲಿಲ್ಲ. ನಮ್ಮ ಸಾಹೇಬರಿಗೆ ವರ್ಗವಾಯಿತು. ಎಲ್ಲಿಗೆ? ಗುಡ್ಡವೇ ಇಲ್ಲದ, ಎಲ್ಲ ಟವರಿಗೂ ಕಾರು ಹೋಗುವ ಊರಿಗೆ. ಅದಕ್ಕೆ ಶಿಕ್ಷೆ ಅಂತ ಹೆಸರು! ಆಯಮ್ಮ ಒಂದು ಕೆಲಸ ಮಾಡಿದರು. ವರ್ಷಕ್ಕೊಮ್ಮೆ, ಲೈನು ಆಫ್ ಇರುವ ದಿನ, ತಂತಿಯ ಕೆಳಗಿನ ಪಟ್ಟಿಯನ್ನು ಗಸ್ತಿನವನು ಸ್ಥಳೀಯರ ಜೊತೆ ಸೇರಿ ಸುಡಬೇಕು ಅಂತ ಎಲ್ಲ ಒಪ್ಪಿಗೆ ತೆಗೆದು ಕಾಗದದ ಮೇಲೆ ಬರೆಸಿದರು. ನಮ್ಮ ಮಾತಿನ ಒಪ್ಪಂದ ಹಾಗೆ ರೂಲಾಯಿತು.

ನಿಮ್ಮ ಡ್ರೋನನ್ನು ನಾನು ಆಡಿಕೊಳ್ಳುತ್ತಿಲ್ಲ. ಬಿಲ್ಲೆಯ ಸೀಳನ್ನು ನನ್ನ ಕಣ್ಣಿಗಿಂತ ಚೆನ್ನಾಗಿ ತೋರಿಸಬಹುದು. ಆದರೆ ಅದು ತಂದ ಚಿತ್ರದ ಕೆಳಗೆ 'ತೃಪ್ತಿಕರ' ಅಂತ ಬರೆಯುವ ಕೈ ಹಳೆಯದೇ. ಆ ಕಾಗದ ನಿಮ್ಮ ಮುಂದೆ ಬರುತ್ತೆ. ಬಂದ ದಿನ, ಎಷ್ಟು ಜನ ಕುರ್ಚಿಯಲ್ಲಿ ಕೂತು ನಗುತ್ತಿದ್ದರೂ, ಗೊತ್ತಾಗಲಿಲ್ಲ ಅನ್ನಿ. ನಿಮಗೆ ಇಂಗ್ಲಿಷ್ ಬರುತ್ತೆ, ಸರಿ. ಗೊತ್ತಾಗದ್ದು ಇನ್ನೇನಾದರೂ ಇದ್ದೇ ಇರುತ್ತೆ.

ಮಾರನೇ ವರ್ಷ ಸುಡುವ ದಿನ ಬಂತು. ಮಾದಯ್ಯ ಬರುತ್ತಾನೋ ಇಲ್ಲವೋ ಅಂತ ನಾನು ಬೆಳಗಿನಿಂದ ಗುಡ್ಡದ ಮೇಲೆ ಕಾದಿದ್ದೆ. ಬಂದ, ಕೆಂಪಮ್ಮನೂ ಬಂದಳು. ನಾನು ಹತ್ತಿರ ಹೋದೆ. ಅವನು ತೋಳಿನ ಮೇಲೆ ಸೊಪ್ಪಿನ ಬರಲು ಇಟ್ಟುಕೊಂಡು ತನ್ನ ಅಂಚಿಗೆ ನಡೆದ. ಮೊಣಕೈವರೆಗೆ ಚರ್ಮ ಸುಕ್ಕಾಗಿ, ಬೇರೆ ಬಣ್ಣಕ್ಕೆ ತಿರುಗಿತ್ತು. ಗಾಳಿಗೆ ಎದುರಾಗಿ, ಮೇಲಿನಿಂದ ಕೆಳಕ್ಕೆ, ಮೊದಲಿನ ಹಾಗೇ ಸುಟ್ಟೆವು. ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

ಮುಗಿದ ಮೇಲೆ ಪೀಪಾಯಿಯಿಂದ ನೀರು ಮೊಗೆದು ಚೊಂಬು ಅವನ ಮುಂದೆ ಹಿಡಿದೆ. "ಮಾದ, ತಪ್ಪಾಯ್ತು ಕಣೋ," ಅಂದೆ.

ಅವನು ಚೊಂಬು ತಗೊಂಡ. ಬಾಯಿಗೆ ಎತ್ತಲಿಲ್ಲ.

"ನಂಗೆ ಒಂದಕ್ಸರ ಬರಕಿಲ್ಲ," ಅಂದ. "ಯಾವ ಸಾಯೇಬ ಕೇಳುದ್ರೂ ಬರಕಿಲ್ಲ ಅಂತೀನಿ. ಬಸ್ಸಿನ ಬೋಲ್ಡು ಓದು ಅಂತ ಸಿಕ್ಕುದ್ ಮಕ್ಳನ್ನ ಕೇಳ್ತೀನಿ. ನಂಗ್ಯಾವತ್ತೂ ಏನೂ ಆಗ್ಲಿಲ್ಲ. ನಿಂಗ್ಯಾಕ್ಲಾ ನಾಲ್ಗೆ ಬಿದ್ದೋಗಿತ್ತು?"

ಪಕ್ಕದಲ್ಲಿ ಒಂದು ಹುಲ್ಲಿನ ಬುಡ ಇನ್ನೂ ಹೊಗೆಯಾಡುತ್ತಿತ್ತು. ಅವನು ಚೊಂಬಿನ ನೀರನ್ನು ಅದರ ಮೇಲೆ ಸುರಿದ, ಕಾಲಿನಿಂದ ಒತ್ತಿ ಆರಿತಾ ಅಂತ ನೋಡಿದ, ಖಾಲಿ ಚೊಂಬು ನನ್ನ ಕೈಗೆ ಕೊಟ್ಟು ಇಳಿದುಹೋದ.

ನಾನು ನಿವೃತ್ತಿಯಾಗುವವರೆಗೆ ಪ್ರತಿ ವರ್ಷ ಅವನು ಆ ದಿನಕ್ಕೆ ಬಂದ. ಒಂದು ಕಿಡಿಯನ್ನೂ ಉಳಿಯಗೊಡಲಿಲ್ಲ. ನನ್ನ ಕೈಯ ನೀರು ಮಾತ್ರ ಕುಡಿಯಲಿಲ್ಲ.